ಕೆಡಿಸಿ ನೋಡುವ ಯಂತ್ರಗಳು

ನಮ್ಮ ಕಡೆಯ ಕಾಲೇಜುಗಳಲ್ಲಿ ಕಂಪ್ಯೂಟರ್ ಲ್ಯಾಬನ್ನು ಬಹುಕಾಲ ಗರ್ಭಗುಡಿಯ ಹಾಗೆ ನೋಡಿಕೊಂಡು ಬಂದಿದ್ದೇವೆ. ಚಪ್ಪಲಿ ಹೊರಗೇ ಬಿಡಬೇಕು. ಧೂಳು ಬರುತ್ತದೆಂದು ಕಿಟಕಿ ತೆರೆಯುವಂತಿಲ್ಲ. ಮಾನಿಟರುಗಳಿಗೆ ಪ್ಲಾಸ್ಟಿಕ್ ಹೊದಿಕೆ. ಆಯುಧಪೂಜೆ ಕಳೆದು ತಿಂಗಳಾದರೂ ಸಿಪಿಯು ಡಬ್ಬಗಳ ಮೇಲೆ ಅಳಿಯದ ಕುಂಕುಮ. ಒಳಗೆ ಬಂದ ಮಕ್ಕಳಿಗೆ ಮೊದಲು ಹೇಳುವ ಮಾತು, "ಏನೂ ಮುಟ್ಟಬೇಡಿ, ಬೋರ್ಡ್ ಮೇಲೆ ಬರೆದಿದ್ದಷ್ಟೇ ಟೈಪ್ ಮಾಡಿ." ಸರ್ವರ್ ಇರುವ ಕೋಣೆಯಂತೂ ಅದಕ್ಕೂ ಒಳಗೆ, ಗಾಜಿನ ಬಾಗಿಲಿನ ಆಚೆ, ಅದರ ಬೀಗದ ಕೈ ಒಬ್ಬರ ಜೇಬಿನಲ್ಲಿ. ಕಂಪ್ಯೂಟರ್ ಸೈನ್ಸ್ ಓದಿ, ಒಳ್ಳೆಯ ಅಂಕ ತೆಗೆದು, ಬೆಂಗಳೂರಿಗೆ ಕೆಲಸಕ್ಕೆ ಹೋದ ಎಷ್ಟೋ ಮಕ್ಕಳು ಅಷ್ಟು ವರ್ಷಗಳಲ್ಲಿ ಒಂದು ಸಲವೂ ಆಪರೇಟಿಂಗ್ ಸಿಸ್ಟಂ ಇನ್‌ಸ್ಟಾಲ್ ಮಾಡಿರುತ್ತಿರಲಿಲ್ಲ.

ಈ ಭಯಕ್ಕೆ ಕಾರಣ ಇಲ್ಲದಿರಲಿಲ್ಲ. ಯಂತ್ರ ದುಬಾರಿ. ಸ್ಟಾಕ್ ರಿಜಿಸ್ಟರಿನಲ್ಲಿ ಅದಕ್ಕೊಂದು ನಂಬರು. ಕೆಟ್ಟರೆ ಉತ್ತರ ಕೊಡಬೇಕಾದವರು ಲ್ಯಾಬ್ ಇನ್‌ಸ್ಟ್ರಕ್ಟರ್. ಬೆಳಗಿನ ಬ್ಯಾಚಿನ ಒಬ್ಬ ಹುಡುಗ ಕುತೂಹಲಕ್ಕೆ ಪಾರ್ಟಿಷನ್ ಅಳಿಸಿದರೆ ಮಧ್ಯಾಹ್ನದ ಬ್ಯಾಚಿನ ಇನ್ನೊಬ್ಬನಿಗೆ ಕೂರಲು ಜಾಗವಿಲ್ಲ. ಅಂಥ ಲ್ಯಾಬಿನಲ್ಲೇ ಕಲಿತವನು ನಾನು, ಈಗ ಅಂಥದೇ ಒಂದು ಲ್ಯಾಬು ನೋಡಿಕೊಳ್ಳುತ್ತಿದ್ದೇನೆ. ಹಾಗಾಗಿ ಮುಟ್ಟಲು ಹೆದರುವವರ ಭಯವೂ ಗೊತ್ತು, ಮುಟ್ಟಲು ಬಿಡದವರ ಭಯವೂ ಗೊತ್ತು. ಈ ಎರಡೂ ಭಯ ನಮ್ಮಲ್ಲಿ ಕಡಿಮೆಯಾದದ್ದು ಯಾವ ಸುತ್ತೋಲೆಯಿಂದಲೂ ಅಲ್ಲ, ಬ್ರೌಸರಿನಲ್ಲಿ ತೆರೆದುಕೊಳ್ಳುವ ಒಂದು ಪುಟದಿಂದ.

ಆ ಪುಟ ನೋಡುವುದಕ್ಕೆ ಏನೂ ವಿಶೇಷವಿಲ್ಲ. ಬ್ರೌಸರಿನಲ್ಲಿ ಸರ್ವರಿನ ಐಪಿ ವಿಳಾಸ, ಅದರ ಕೊನೆಗೆ ಒಂದು ಕೋಲನ್, 8006 ಎಂಬ ಅಂಕೆ. ಸರ್ಟಿಫಿಕೇಟು ನಮ್ಮದೇ ಆದ್ದರಿಂದ ಬ್ರೌಸರ್ ಮೊದಲ ಸಲ ಎಚ್ಚರಿಕೆ ಕೊಡುತ್ತದೆ. ಅದನ್ನು ದಾಟಿ ಹೆಸರು, ಪಾಸ್‌ವರ್ಡ್ ಕೊಟ್ಟರೆ ಎಡಗಡೆ ಒಂದು ಪಟ್ಟಿ. ನಾನು ನೋಡಿದರೆ ಅದರಲ್ಲಿ ನೂರರಿಂದ ಶುರುವಾಗುವ ನಂಬರುಗಳ ಉದ್ದ ಸಾಲು, ಒಂದೊಂದು ನಂಬರೂ ಒಂದೊಂದು ವರ್ಚುವಲ್ ಮೆಷಿನ್ (ವಿಎಂ), ಅಂದರೆ ಸರ್ವರಿನೊಳಗೆ ತಂತ್ರಾಂಶವೇ ನಟಿಸಿ ತೋರಿಸುವ ಕಂಪ್ಯೂಟರ್. ವಿದ್ಯಾರ್ಥಿ ನೋಡಿದರೆ ಒಂದೇ ನಂಬರು, ಅವನದು. ಪಕ್ಕದವನ ಯಂತ್ರ ಅವನಿಗೆ ಕಾಣಿಸುವುದೇ ಇಲ್ಲ. ಬಲಗಡೆ ಆ ಯಂತ್ರದ ಪ್ರೊಸೆಸರ್ ಎಷ್ಟು ಓಡುತ್ತಿದೆ, ಮೆಮೊರಿ ಎಷ್ಟು ತುಂಬಿದೆ ಎಂಬ ಗೆರೆಚಿತ್ರಗಳು. ಮೇಲೆ ಸ್ಟಾರ್ಟ್, ಶಟ್‌ಡೌನ್, ಕನ್ಸೋಲ್ ಎಂಬ ಗುಂಡಿಗಳು. ಕನ್ಸೋಲ್ ಒತ್ತಿದರೆ ಇನ್ನೊಂದು ಕಿಟಕಿ ತೆರೆದು, ಕಪ್ಪು ತೆರೆಯ ಮೇಲೆ ಬಿಳಿ ಅಕ್ಷರಗಳು ಓಡಲು ಶುರುವಾಗುತ್ತವೆ. ಅಲ್ಲಿಗೆ ಆ ಮಗುವಿಗೆ ತನ್ನದೇ ಒಂದು ಕಂಪ್ಯೂಟರ್ ಸಿಕ್ಕಂತಾಯಿತು. ಬಯೋಸ್‌ನಿಂದ ಹಿಡಿದು ರೂಟ್ ಪಾಸ್‌ವರ್ಡಿನವರೆಗೆ ಎಲ್ಲವೂ ಅವನದೇ.

ಈ ಪುಟವನ್ನು ಕೊಡುವ ತಂತ್ರಾಂಶವಾಗಿ ನಾವು ಬಳಸುವುದು ಪ್ರಾಕ್ಸ್‌ಮಾಕ್ಸ್. ವಿಯೆನ್ನಾದ ಒಂದು ಕಂಪನಿ 2008ರಲ್ಲಿ ಹೊರತಂದದ್ದು, ಡೆಬಿಯನ್ ಲಿನಕ್ಸ್ ಮೇಲೆ ಕಟ್ಟಿದ್ದು. ಅದರ ಹೊಟ್ಟೆಯೊಳಗೆ ವಿಎಂಗಳನ್ನು ಓಡಿಸುವುದು ಕೆವಿಎಂ. ಇಸ್ರೇಲಿನ ಕುಮ್ರಾನೆಟ್ ಎಂಬ ಪುಟ್ಟ ಕಂಪನಿಯಲ್ಲಿ ಆವಿ ಕಿವಿಟಿ ಶುರುಮಾಡಿದ ಕೆಲಸ. 2007ರ ಫೆಬ್ರುವರಿಯಲ್ಲಿ ಬಂದ 2.6.20ನೇ ಆವೃತ್ತಿಯಲ್ಲಿ ಅದು ಲಿನಕ್ಸ್ ಕರ್ನಲ್ಲಿನ ಭಾಗವೇ ಆಯಿತು. ವಿಎಂ ಒಳಗಿನ ಡಿಸ್ಕು, ನೆಟ್‌ವರ್ಕ್ ಕಾರ್ಡು, ಪರದೆ ಇವನ್ನೆಲ್ಲ ನಟಿಸಿ ತೋರಿಸುವುದು ಕ್ಯೂಎಂಯು. ಅದನ್ನು ಬರೆದವರು ಫ್ರಾನ್ಸಿನ ಫಾಬ್ರೀಸ್ ಬೆಲ್ಲಾರ್. ಮೂರು ದೇಶಗಳ ಈ ಕೆಲಸ ಒಂದು ಕಾಸಿನ ಲೈಸೆನ್ಸ್ ಶುಲ್ಕವಿಲ್ಲದೆ ನಮ್ಮ ಮಲೆನಾಡಿನ ಅಂಚಿನ ಊರಿಗೆ ಬಂದು ಕೂತಿರುವುದನ್ನು ನೆನೆದಾಗ ನನಗೆ ನಿಜವಾಗಿಯೂ ಮನಸ್ಸು ತುಂಬುತ್ತದೆ.

ಒಂದು ಯಂತ್ರದೊಳಗೆ ಹಲವು ಯಂತ್ರ ಎಂಬ ಯೋಚನೆ ಮಾತ್ರ ಇವರೆಲ್ಲರಿಗಿಂತ ಹಳೆಯದು. ಅಮೆರಿಕದ ಮ್ಯಾಸಚೂಸೆಟ್ಸಿನ ಕೇಂಬ್ರಿಜ್‌ನಲ್ಲಿ ಐಬಿಎಂನವರ ಒಂದು ಸಣ್ಣ ಸಂಶೋಧನಾ ಕೇಂದ್ರವಿತ್ತು. 1960ರ ದಶಕದ ನಡುವೆ ಅಲ್ಲಿ ರಾಬರ್ಟ್ ಕ್ರೀಸಿ ಮತ್ತು ಸಂಗಡಿಗರು ಸಿಪಿ-40 ಎಂಬ ವ್ಯವಸ್ಥೆ ಕಟ್ಟಿದರು. ಒಂದೇ ದೊಡ್ಡ ಕಂಪ್ಯೂಟರನ್ನು ಅದು 14 ಕಂಪ್ಯೂಟರುಗಳಾಗಿ ತೋರಿಸುತ್ತಿತ್ತು. ಕೂತ ಪ್ರತಿಯೊಬ್ಬನಿಗೂ ಇಡೀ ಯಂತ್ರ ತನ್ನೊಬ್ಬನದೇ ಎಂದು ಕಾಣುತ್ತಿತ್ತು. ಅದೇ ಬೆಳೆದು 1972ರಲ್ಲಿ ವಿಎಂ/370 ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಇದರಿಂದ ಆದ ಒಂದು ಉಪಯೋಗ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಹೊಸ ಆಪರೇಟಿಂಗ್ ಸಿಸ್ಟಂ ಬರೆಯುವವರು ಅದನ್ನು ಪರೀಕ್ಷಿಸಲು ಇಡೀ ಕಂಪ್ಯೂಟರನ್ನು ನಿಲ್ಲಿಸಬೇಕಿರಲಿಲ್ಲ. ತಮ್ಮ ಪಾಲಿನ ವಿಎಂ ಒಳಗೆ ಅದನ್ನು ಓಡಿಸಿ, ಅದು ಕುಸಿದು ಬಿದ್ದರೆ ಎದ್ದು ಇನ್ನೊಮ್ಮೆ ಓಡಿಸುತ್ತಿದ್ದರು. ಪಕ್ಕದವನಿಗೆ ಸುದ್ದಿಯೂ ಮುಟ್ಟುತ್ತಿರಲಿಲ್ಲ. ಕೆಡಿಸುವುದಕ್ಕೆ ಒಪ್ಪಿಗೆ ಎಂಬುದು ಈ ತಂತ್ರಕ್ಕೆ ಹುಟ್ಟಿನಿಂದಲೇ ಬಂದ ಗುಣ.

ಆಮೇಲೆ ಬಂದ ಪರ್ಸನಲ್ ಕಂಪ್ಯೂಟರುಗಳಲ್ಲಿ ಇದು ಸುಲಭವಾಗಲಿಲ್ಲ. ಇಂಟೆಲ್ ಚಿಪ್ಪಿನ ಕೆಲವು ಆದೇಶಗಳು ಈ ನಟನೆಗೆ ಒಗ್ಗುತ್ತಿರಲಿಲ್ಲ. 1998ರಲ್ಲಿ ಹುಟ್ಟಿದ ವಿಎಂವೇರ್ ಕಂಪನಿ ಆ ಆದೇಶಗಳನ್ನು ಓಡುವಾಗಲೇ ಬದಲಿಸಿ ಹಾಕುವ ಜಾಣ್ಮೆ ಕಂಡುಕೊಂಡು 1999ರಲ್ಲಿ ತನ್ನ ಮೊದಲ ಸರಕು ತಂದಿತು. 2005, 2006ರ ಹೊತ್ತಿಗೆ ಇಂಟೆಲ್, ಎಎಂಡಿ ಎರಡೂ ಚಿಪ್ಪಿನೊಳಗೇ ಇದಕ್ಕೆ ಅನುಕೂಲ ಮಾಡಿಕೊಟ್ಟವು. ಇವತ್ತು ಯಾವ ಅಂಗಡಿಯಲ್ಲಿ ಕಂಪ್ಯೂಟರ್ ಕೊಂಡರೂ ಹೆಚ್ಚುಕಡಿಮೆ ಅದರಲ್ಲಿ ಈ ಶಕ್ತಿ ಇದ್ದೇ ಇರುತ್ತದೆ. ಬಯೋಸ್‌ನಲ್ಲಿ ಒಂದು ಕಡೆ ಆನ್ ಮಾಡಬೇಕು, ಅಷ್ಟೇ.

ಆದರೆ ಯಂತ್ರ ಇದ್ದರೆ ಸಾಲದು, ಅದರ ಮುಂದೆ ಕೂರಲು ಜಾಗ ಬೇಕು. ಬ್ರೌಸರಿನ ಪಾತ್ರ ಬರುವುದು ಇಲ್ಲಿ. ವಿಎಂಗೆ ಮಾನಿಟರ್ ಇಲ್ಲ. ಅದರ ಪರದೆ ಸರ್ವರಿನ ಮೆಮೊರಿಯಲ್ಲಿ ಬರೀ ಅಂಕೆಗಳ ರೂಪದಲ್ಲಿ ಇರುತ್ತದೆ. ಅದನ್ನು ನಮ್ಮ ಕಣ್ಣಿಗೆ ತಂದು ತೋರಿಸುವ ವಿಧಾನ ವಿಎನ್‌ಸಿ ಹುಟ್ಟಿದ್ದು ಇನ್ನೊಂದು ಕೇಂಬ್ರಿಜ್‌ನಲ್ಲಿ, ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ. ಅಲ್ಲಿನ ಆಲಿವೆಟ್ಟಿ ಪ್ರಯೋಗಾಲಯದವರ ಉಪಾಯ ಬಹಳ ಸರಳ: ಪರದೆಯಲ್ಲಿ ಎಲ್ಲಿ ಬದಲಾಯಿತೋ ಆ ಚೌಕವನ್ನಷ್ಟೇ ಕಳಿಸು, ಉಳಿದದ್ದು ಹಾಗೇ ಇರಲಿ. ಕರ್ಸರ್ ಮಿಟುಕಿದರೆ ಕರ್ಸರಿನಷ್ಟು ಜಾಗ, ಒಂದು ಸಾಲು ಬಂದರೆ ಒಂದು ಸಾಲು. ಮುಂದೆ 2010ರ ಸುಮಾರಿಗೆ ಇದನ್ನೇ ಜಾವಾಸ್ಕ್ರಿಪ್ಟಿನಲ್ಲಿ ಬರೆದು ಬ್ರೌಸರಿನೊಳಗೆ ತಂದ ತಂತ್ರಾಂಶ ನೋವಿಎನ್‌ಸಿ. ಬ್ರೌಸರ್ ಮತ್ತು ಸರ್ವರಿನ ನಡುವೆ ತೆರೆದೇ ಇರುವ ವೆಬ್‌ಸಾಕೆಟ್ ಎಂಬ ದಾರಿಯಲ್ಲಿ ಈ ಚೌಕಗಳು ಬರುತ್ತವೆ, ನಾವು ಒತ್ತಿದ ಕೀಲಿಗಳು ಹೋಗುತ್ತವೆ. ಇಷ್ಟಕ್ಕೆ ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ನಮ್ಮ ಲ್ಯಾಬಿನ ಅತಿ ಹಳೆಯ, ಎರಡು ಜಿಬಿ ರ‍್ಯಾಮಿನ ಕಂಪ್ಯೂಟರು ಬೇರೆ ಯಾವ ಕೆಲಸಕ್ಕೂ ಬಾರದೆ ಹೋದರೂ ಬ್ರೌಸರಿನಲ್ಲಿ ಈ ಒಂದು ಪುಟವನ್ನು ತೆರೆಯುತ್ತದೆ. ಭಾರ ಹೊರುವುದೆಲ್ಲ ಗಾಜಿನ ಬಾಗಿಲಿನ ಆಚೆಯ ಸರ್ವರ್.

ಬ್ರೌಸರಿನಲ್ಲೇ ನಿರ್ವಹಣೆ ಎಂಬುದು ಮೊದಲೂ ಇತ್ತು, ಆದರೆ ಷರತ್ತುಗಳೊಂದಿಗೆ. ಸರ್ವರುಗಳ ದೂರನಿಯಂತ್ರಣದ ಪುಟ ತೆರೆಯಲು ಜಾವಾದ ಇಂಥದೇ ಹಳೆಯ ಆವೃತ್ತಿ ಬೇಕೆನ್ನುವ ಕಾಲವೊಂದಿತ್ತು. ವಿಎಂವೇರ್‌ನ ವೆಬ್ ಪುಟ ವರ್ಷಗಟ್ಟಲೆ ಫ್ಲ್ಯಾಶ್ ಮೇಲೆ ನಿಂತಿತ್ತು; ಅದೇ ಫ್ಲ್ಯಾಶ್‌ಗೆ ಅಡೋಬಿ 2020ರ ಡಿಸೆಂಬರ್ 31ಕ್ಕೆ ಕೊನೆ ಹಾಡಿತು. ಈಗ ಬೇಕಿರುವುದು ಬರೀ ಬ್ರೌಸರ್, ಅದು ಯಾವುದಾದರೂ ಆದೀತು. ತುರ್ತಿದ್ದರೆ ಮೊಬೈಲ್ ಫೋನಿನಲ್ಲೂ ಒಂದು ವಿಎಂ ಎಬ್ಬಿಸಬಹುದು.

ಮಕ್ಕಳು ಈ ಪುಟದೊಂದಿಗೆ ಹೇಗೆ ಬಾಳುತ್ತಾರೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಕಳೆದ ವರ್ಷದ ಬ್ಯಾಚಿನಲ್ಲಿ ಒಬ್ಬ ಹುಡುಗಿ ಇದ್ದಳು. ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿ ಬಂದವಳು, ತರಗತಿಯಲ್ಲಿ ಬಾಯಿ ಬಿಡುತ್ತಿದ್ದುದೇ ಕಡಿಮೆ. ಅವತ್ತಿನ ಕೆಲಸ, ತನ್ನ ವಿಎಂಗೆ ಎರಡನೆಯ ಡಿಸ್ಕ್ ಸೇರಿಸುವುದು. ಶುರುಮಾಡುವ ಮುಂಚೆ ಯಂತ್ರದ ಆ ಕ್ಷಣದ ಸ್ಥಿತಿಯನ್ನು ಸ್ನ್ಯಾಪ್‌ಶಾಟ್ ಆಗಿ ಉಳಿಸಿಕೊಂಡಿದ್ದಳು; ಕೆಟ್ಟರೆ ಅಲ್ಲಿಗೇ ಹಿಂದಿರುಗಬಹುದು. ನಿಜವಾದ ಡಬ್ಬವಾಗಿದ್ದರೆ ಸ್ಕ್ರೂ ಬಿಚ್ಚಬೇಕು, ಕೇಬಲ್ ಹುಡುಕಬೇಕು, ಮೊದಲಿಗೆ ಡಿಸ್ಕಿಗೆ ಇಂಡೆಂಟ್ ಹಾಕಬೇಕು. ಇಲ್ಲಿ ಹಾರ್ಡ್‌ವೇರ್ ಎಂಬ ಕಡೆ ಒತ್ತಿ, ಎರಡು ಜಿಬಿ ಎಂದು ಬರೆದರೆ ಡಿಸ್ಕ್ ಹಾಜರ್. ಅದನ್ನು ಫಾರ್ಮ್ಯಾಟ್ ಮಾಡಿ, ಯಂತ್ರ ಏಳುವಾಗಲೆಲ್ಲ ತಾನಾಗಿ ಸೇರಿಕೊಳ್ಳುವಂತೆ ಎಫ್‌ಎಸ್‌ಟ್ಯಾಬ್ ಎಂಬ ಕಡತದಲ್ಲಿ ಒಂದು ಸಾಲು ಬರೆಯಬೇಕು. ಆ ಸಾಲಿನಲ್ಲಿ ಡಿಸ್ಕಿನ ಗುರುತು ಬರುತ್ತದೆ, ಅಡ್ಡಗೆರೆಗಳೂ ಸೇರಿ 36 ಅಕ್ಷರ. ಈ ಕನ್ಸೋಲಿನಲ್ಲಿ ಹೊರಗಿನಿಂದ ಕಾಪಿ ಮಾಡಿ ತಂದು ಅಂಟಿಸುವುದು ಸಲೀಸಲ್ಲ. ಅವಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಕೈಯಲ್ಲೇ ಟೈಪ್ ಮಾಡಿದಳು. 8 ಇದ್ದ ಕಡೆ ಬಿ ಬಿತ್ತು.

ರೀಬೂಟ್ ಮಾಡಿದಾಗ ಅಕ್ಷರಗಳು ಓಡಿ ಒಂದು ಕಡೆ ನಿಂತವು. ಇಂಥ ಡಿಸ್ಕಿಗಾಗಿ ಕಾಯುತ್ತಿದ್ದೇನೆ ಎನ್ನುವ ಸಾಲು, ಪಕ್ಕದಲ್ಲಿ ಏರುತ್ತಾ ಹೋಗುವ ಸೆಕೆಂಡುಗಳು, ಒಂದೂವರೆ ನಿಮಿಷದ ಗಡುವು. ಗಡುವು ಮುಗಿಯಿತು. ಎಮರ್ಜೆನ್ಸಿ ಮೋಡ್‌ಗೆ ಬಂದಿದ್ದೀರಿ, ರೂಟ್ ಪಾಸ್‌ವರ್ಡ್ ಕೊಟ್ಟು ರಿಪೇರಿ ಮಾಡಿ ಎಂದು ಯಂತ್ರ ನಿಂತುಬಿಟ್ಟಿತು. ಎಸ್‌ಎಸ್‌ಎಚ್‌ನಲ್ಲಿ ಬರಲು ಆಗ ದಾರಿಯಿಲ್ಲ, ನೆಟ್‌ವರ್ಕ್ ಇನ್ನೂ ಎದ್ದಿಲ್ಲ. ಕಾಣುವುದು ಕನ್ಸೋಲ್ ಕಿಟಕಿ ಒಂದರಲ್ಲೇ.

"ಸರ್, ಹೋಯ್ತು ಸರ್," ಅಂದಳು.

"ಎಲ್ಲಿಗೆ ಹೋಯ್ತಮ್ಮ? ಅದೇನೋ ಹೇಳ್ತಾ ಇದೆಯಲ್ಲ, ಮೊದಲು ಓದು."

"ಸ್ನ್ಯಾಪ್‌ಶಾಟ್ ತಗೊಂಡಿದೀನಿ ಸರ್. ವಾಪಸ್ ಹೋಗಿಬಿಡ್ಲಾ?"

"ಹೋಗಬಹುದು. ಅದು ಎಲ್ಲಿಗೂ ಓಡಿಹೋಗಲ್ಲ. ಓದಿ ನೋಡಿ ಆಮೇಲೆ ಹೋಗು."

ಅವಳು ಓದಿದಳು. ಇಂಗ್ಲಿಷಿನ ಒಂದೊಂದೇ ಪದ ತುಟಿಯಲ್ಲಿ ಹೇಳಿಕೊಂಡು, ಬೆರಳಿಟ್ಟು ಓದಿದಳು. ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗಿ, ಡಿಸ್ಕಿನ ನಿಜವಾದ ಗುರುತನ್ನು ಮತ್ತೆ ಕೇಳಿ ತೆಗೆದು, ಕಡತದ ಸಾಲಿನ ಪಕ್ಕ ಇಟ್ಟು ಅಕ್ಷರಕ್ಕೆ ಅಕ್ಷರ ತಾಳೆ ನೋಡಿದಳು. ಆ ಬಿ ಸಿಕ್ಕಿದಾಗ ಪಕ್ಕದ ಬೆಂಚಿನವರೂ ಎದ್ದು ಬಂದು ನೋಡಿದರು. ಯಂತ್ರ ಎದ್ದಿತು. ಸ್ನ್ಯಾಪ್‌ಶಾಟಿಗೆ ಹಿಂದಿರುಗುವ ಅಗತ್ಯವೇ ಬೀಳಲಿಲ್ಲ. ಆದರೆ ಆ ದಾರಿ ಇದೆ ಎಂಬ ಧೈರ್ಯ ಇಲ್ಲದಿದ್ದರೆ ಅವಳು ಅಷ್ಟು ಹೊತ್ತು ಆ ಕಪ್ಪು ತೆರೆಯನ್ನು ನೆಟ್ಟ ನೋಟದಿಂದ ನೋಡುತ್ತಿರಲಿಲ್ಲ ಎಂದು ನನ್ನ ನಂಬಿಕೆ. ಆ ಸೆಮಿಸ್ಟರಿನ ಉಳಿದ ಲ್ಯಾಬುಗಳಲ್ಲಿ ಅವಳ ಧ್ವನಿ ಕೇಳಿಸತೊಡಗಿತು.

ಇನ್ನೊಂದು ಸಂಗತಿ ಪ್ರತಿ ಬ್ಯಾಚಿನಲ್ಲೂ ನಡೆಯುತ್ತದೆ. ನ್ಯಾನೋ ಎಂಬ ಎಡಿಟರಿನಲ್ಲಿ ಏನಾದರೂ ಹುಡುಕಬೇಕೆಂದರೆ ಕಂಟ್ರೋಲ್ ಜೊತೆ ಡಬ್ಲ್ಯು ಒತ್ತಬೇಕು. ಬ್ರೌಸರಿಗೆ ಅದೇ ಜೋಡಿ, ಕಿಟಕಿ ಮುಚ್ಚು ಎನ್ನುವ ಆಜ್ಞೆ. ಒತ್ತಿದ ತಕ್ಷಣ ಕನ್ಸೋಲ್ ಮಾಯ. ಬರೆದದ್ದೆಲ್ಲ ಹೋಯಿತೆಂದು ಹುಡುಗ ಬೆವರುತ್ತಾನೆ. ಮತ್ತೆ ಕನ್ಸೋಲ್ ತೆರೆದರೆ ಉಳಿಸದೇ ಬಿಟ್ಟ ಸಾಲುಗಳು, ಮಿಟುಕುವ ಕರ್ಸರ್, ಎಲ್ಲವೂ ಇದ್ದಲ್ಲೇ ಇರುತ್ತವೆ. ಮುಚ್ಚಿದ್ದು ಕಿಟಕಿಯನ್ನು, ಯಂತ್ರ ಅದರ ಪಾಡಿಗೆ ಓಡುತ್ತಲೇ ಇದೆ. ಸರ್ವರ್ ಎಲ್ಲಿ, ಬ್ರೌಸರ್ ಎಲ್ಲಿ, ಯಾವುದು ಯಾವುದರ ಬಿಂಬ ಎಂಬುದನ್ನು ನಾನು ಬೋರ್ಡಿನಲ್ಲಿ ಚಿತ್ರ ಬರೆದು ಹೇಳುವುದಕ್ಕಿಂತ ಚೆನ್ನಾಗಿ ಈ ಒಂದು ಕ್ಷಣ ಹೇಳಿಕೊಡುತ್ತದೆ.

ಒಂದು ಬ್ಯಾಚಿಗೆ ಅರವತ್ತು ಯಂತ್ರ ಹೇಗೆ ಸಾಧ್ಯ ಎಂದು ಬೇರೆ ಕಾಲೇಜಿನವರು ಕೇಳುತ್ತಾರೆ. ಒಂದು ವಿಎಂ ಅನ್ನು ಅಚ್ಚುಕಟ್ಟಾಗಿ ಸಿದ್ಧಮಾಡಿ ಟೆಂಪ್ಲೇಟ್ ಮಾಡುತ್ತೇವೆ. ಉಳಿದವೆಲ್ಲ ಅದರ ಲಿಂಕ್ಡ್ ಕ್ಲೋನ್‌ಗಳು. ಮೂಲ ಡಿಸ್ಕು ಒಂದೇ; ಪ್ರತಿಯೊಬ್ಬ ವಿದ್ಯಾರ್ಥಿ ಏನು ಬದಲಿಸಿದನೋ ಅಷ್ಟು ಮಾತ್ರ ಬೇರೆಯಾಗಿ ಕೂರುತ್ತದೆ. ಮೆಮೊರಿಯಲ್ಲೂ ಹಾಗೆಯೇ, ಹಲವು ವಿಎಂಗಳಲ್ಲಿ ಒಂದೇ ಥರ ಇರುವ ಪುಟಗಳನ್ನು ಲಿನಕ್ಸ್ ಕರ್ನಲ್ ಕಂಡುಹಿಡಿದು ಒಂದೇ ಪ್ರತಿ ಇಟ್ಟುಕೊಳ್ಳಬಲ್ಲದು. ಚಿತ್ರಗಳಿಲ್ಲದ ಬರಿಯ ಡೆಬಿಯನ್ನಿಗೆ ಒಂದು ಜಿಬಿ ರ‍್ಯಾಮ್ ಧಾರಾಳ. ಸೆಮಿಸ್ಟರ್ ಮುಗಿದ ಮೇಲೆ ಅಷ್ಟನ್ನೂ ಅಳಿಸಿ, ಹೊಸ ಬ್ಯಾಚಿಗೆ ಹೊಸದಾಗಿ ಹುಟ್ಟಿಸುವುದು ಒಂದು ಮಧ್ಯಾಹ್ನದ ಕೆಲಸ. ಪುಟದಲ್ಲಿ ಒಂದೊಂದೇ ಒತ್ತುತ್ತಾ ಕೂರುವುದಿಲ್ಲ. ಗುಂಡಿಗಳ ಹಿಂದೆ ಕ್ಯೂಎಂ ಎಂಬ ಆಜ್ಞೆ ಇದೆ, ನಾಲ್ಕು ಸಾಲಿನ ಸ್ಕ್ರಿಪ್ಟ್ ಬರೆದು ಅದಕ್ಕೆ ಹೇಳುತ್ತೇನೆ. ಪುಟ ಕಲಿತ ಮಕ್ಕಳಿಗೂ ಎರಡನೇ ತಿಂಗಳಿಗೆ ಈ ಆಜ್ಞೆ ಹೇಳಿಕೊಡಬೇಕು ಅನ್ನುವುದು ನನ್ನ ಹಟ.

ಕೆಡಿಸಲು ಬಿಡುವುದೆಂದರೆ ಏನೂ ಹೇಳದೆ ಬಿಡುವುದಲ್ಲ. ಶಟ್‌ಡೌನ್ ಮತ್ತು ಸ್ಟಾಪ್ ಎಂಬ ಎರಡು ಗುಂಡಿಗಳ ವ್ಯತ್ಯಾಸಕ್ಕೆ ನಾನು ಒಂದು ಪೂರ್ತಿ ತರಗತಿ ಕೊಡುತ್ತೇನೆ. ಶಟ್‌ಡೌನ್ ಒತ್ತಿದರೆ ಒಳಗಿನ ಯಂತ್ರಕ್ಕೆ ಸೂಚನೆ ಹೋಗುತ್ತದೆ. ಅದು ತನ್ನ ಕಡತಗಳನ್ನು ಮುಚ್ಚಿ, ಬರೆಯಬೇಕಾದ್ದನ್ನು ಡಿಸ್ಕಿಗೆ ಬರೆದು ಮಲಗುತ್ತದೆ. ಸ್ಟಾಪ್ ಒತ್ತಿದರೆ ಪ್ಲಗ್ ಕಿತ್ತ ಹಾಗೆಯೇ, ಅರ್ಧ ಬರೆದದ್ದು ಅರ್ಧಕ್ಕೇ. ಕರೆಂಟು ಆಗಾಗ ಹೋಗುವ ಊರಿನ ಮಕ್ಕಳಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಡೇಟಾಬೇಸ್ ಒಂದಕ್ಕೆ ಸಾಲುಗಳನ್ನು ತುಂಬಿಸುತ್ತಿರುವಾಗಲೇ ಸ್ಟಾಪ್ ಒತ್ತಿಸಿ, ಅದು ಮತ್ತೆ ಏಳುವಾಗ ತನ್ನನ್ನು ತಾನು ಹೇಗೆ ಸರಿಪಡಿಸಿಕೊಳ್ಳುತ್ತದೆ ಎಂಬುದನ್ನು ಲಾಗ್‌ನಲ್ಲಿ ಓದಿಸುತ್ತೇನೆ.

ಸ್ನ್ಯಾಪ್‌ಶಾಟ್ ಬಗ್ಗೆಯೂ ಗಟ್ಟಿಯಾಗಿ ಹೇಳಬೇಕು. ಅದು ಬ್ಯಾಕಪ್ ಅಲ್ಲ. ವಿಎಂ ಇರುವ ಡಿಸ್ಕಿನಲ್ಲೇ ಸ್ನ್ಯಾಪ್‌ಶಾಟೂ ಇರುವುದರಿಂದ ಆ ಡಿಸ್ಕ್ ಸತ್ತರೆ ಎರಡೂ ಒಟ್ಟಿಗೇ ಹೋಗುತ್ತವೆ. ಹಿಂದಕ್ಕೆ ಹೋದರೆ ಆಮೇಲೆ ಮಾಡಿದ ಕೆಲಸವೆಲ್ಲ ಅಳಿಯುತ್ತದೆ. ಲ್ಯಾಬಿನಲ್ಲಿ ಇದರಿಂದ ಯಾರಿಗೂ ನಷ್ಟವಿಲ್ಲ. ಆದರೆ ಇದೇ ಮಕ್ಕಳು ನಾಳೆ ಯಾವುದೋ ಆಸ್ಪತ್ರೆಯ, ಯಾವುದೋ ಸಹಕಾರಿ ಬ್ಯಾಂಕಿನ ಯಂತ್ರಗಳನ್ನು ನೋಡಿಕೊಳ್ಳುವವರು. ಅಲ್ಲಿಯೂ ಪುಟ ಇದೇ, ಗುಂಡಿಗಳು ಇವೇ. ಈ ನಂಬರಿನ ಹಿಂದೆ ಎಷ್ಟು ಜನರ ಲೆಕ್ಕ ಕೂತಿದೆ ಎಂದು ಪುಟ ತಾನಾಗಿ ಹೇಳುವುದಿಲ್ಲ. ಪ್ರಾಕ್ಸ್‌ಮಾಕ್ಸ್ ಕಟ್ಟಿದವರು ಇದನ್ನು ಯೋಚಿಸಿದ್ದಾರೆ. ಒಂದು ವಿಎಂ ಅಳಿಸಬೇಕಾದರೆ ಮೊದಲು ಅದನ್ನು ನಿಲ್ಲಿಸಿರಬೇಕು, ಆಮೇಲೆ ಅದರ ನಂಬರನ್ನು ನಮ್ಮ ಕೈಯಾರೆ ಟೈಪ್ ಮಾಡಬೇಕು. ಮೂರು ಅಂಕೆ ಒತ್ತುವಷ್ಟರಲ್ಲಿ ಮನಸ್ಸು ಒಮ್ಮೆ ನಿಂತು ನೋಡುತ್ತದೆ. ತಂತ್ರಾಂಶದಲ್ಲಿ ಬೇಕೆಂದೇ ಇಟ್ಟ ಇಂಥ ತಡೆಗಳ ಬಗ್ಗೆ ನನಗೆ ದೊಡ್ಡ ಗೌರವ.

ಪುಟದ ತಳದಲ್ಲಿ ಇನ್ನೊಂದು ಪಟ್ಟಿ ಇದೆ. ಯಾರು, ಯಾವಾಗ, ಯಾವ ಯಂತ್ರಕ್ಕೆ ಏನು ಮಾಡಿದರು, ಅದು ಸರಿಯಾಯಿತೇ ಇಲ್ಲವೇ, ಎಲ್ಲವೂ ಅಲ್ಲಿ ಸಾಲಾಗಿ ಬರುತ್ತದೆ. ಹಿಂದೆ ಯಂತ್ರ ಕೆಟ್ಟರೆ "ಯಾರು ಮಾಡಿದ್ದು?" ಎಂದು ಇಡೀ ತರಗತಿಯನ್ನು ನಿಲ್ಲಿಸಿ ಕೇಳುವ ಪದ್ಧತಿ ಇತ್ತು. ಉತ್ತರ ಬರುತ್ತಿರಲಿಲ್ಲ. ಈಗ ಕೇಳುವ ಪ್ರಮೇಯವೇ ಇಲ್ಲ. ತಪ್ಪು ಯಾರದೆಂದು ಗೊತ್ತಿದೆ, ಅದರಿಂದ ಯಾರಿಗೂ ತೊಂದರೆ ಆಗಿಲ್ಲವೆಂಬುದೂ ಗೊತ್ತಿದೆ. ಮಾತು ಸೀದಾ ತಪ್ಪಿನ ಕಡೆಗೇ ಹೋಗುತ್ತದೆ.

ನಮ್ಮ ವಿಭಾಗದ ಹಿರಿಯರೊಬ್ಬರಿಗೆ ಇದರಲ್ಲಿ ಪೂರ್ತಿ ಒಪ್ಪಿಗೆಯಿಲ್ಲ. "ರ‍್ಯಾಮ್ ಸ್ಲಾಟ್ ಎಲ್ಲಿದೆ ಅಂತ ಗೊತ್ತಿಲ್ಲದವರು ಸರ್ವರ್ ನಡೆಸ್ತಾರಂತೆ," ಎನ್ನುತ್ತಾರೆ. ಅವರ ಮಾತಿನಲ್ಲಿ ಹುರುಳಿದೆ. ಎಸ್‌ಎಂಪಿಎಸ್ ಸುಟ್ಟ ವಾಸನೆಯನ್ನು ಯಾವ ಬ್ರೌಸರೂ ತೋರಿಸಲಾರದು. ಅದಕ್ಕೇ ಲ್ಯಾಬಿನ ಮೂಲೆಯಲ್ಲಿ ಮುಚ್ಚಳ ತೆಗೆದ ಹಳೆಯ ಡಬ್ಬಗಳನ್ನು ಇಟ್ಟಿದ್ದೇವೆ, ಬಿಚ್ಚಿ ಜೋಡಿಸಲಿ ಎಂದು. ಆ ಮೂಲೆಯನ್ನು ಶ್ರದ್ಧೆಯಿಂದ ನಡೆಸುವವರೂ ಅವರೇ. ಆದರೆ ಕಬ್ಬಿಣವೊಂದೇ ಕಂಪ್ಯೂಟರ್ ಎನ್ನುವುದನ್ನು ನಾನು ಒಪ್ಪುವುದಿಲ್ಲ.

ಇದೆಲ್ಲ ನಮ್ಮ ಕೈಯಲ್ಲಿ ಉಳಿಯಬೇಕಾದರೆ ತಂತ್ರಾಂಶವೂ ಮುಕ್ತವಾಗಿರಬೇಕು. 2023ರ ನವೆಂಬರಿನಲ್ಲಿ ವಿಎಂವೇರನ್ನು ಬ್ರಾಡ್‌ಕಾಮ್ ಕೊಂಡಿತು. ಒಮ್ಮೆ ಕೊಂಡರೆ ಶಾಶ್ವತ ಎನ್ನುವ ಲೈಸೆನ್ಸುಗಳ ಮಾರಾಟವನ್ನು ಮುಂದಿನ ತಿಂಗಳೇ ನಿಲ್ಲಿಸಿತು. ಕಲಿಯುವವರು ಬಳಸುತ್ತಿದ್ದ, ವಿಎಂಗಳನ್ನು ಓಡಿಸುವ ವಿಎಂವೇರಿನ ಉಚಿತ ತಂತ್ರಾಂಶ ಇಎಸ್‌ಎಕ್ಸ್‌ಐ 2024ರ ಫೆಬ್ರುವರಿಯಲ್ಲಿ ಹೋಗಿ 2025ರ ಏಪ್ರಿಲ್‌ನಲ್ಲಿ ಮರಳಿತು. ಕೊಡುವುದೂ ಕಸಿಯುವುದೂ ಮಾಲೀಕರ ಹಕ್ಕು, ಸರಿ. ಆದರೆ ನಮ್ಮಂಥ ಕಾಲೇಜಿನ ಪಠ್ಯಕ್ರಮ ಯಾರದೋ ಮನಸ್ಸು ಬದಲಾದಾಗಲೆಲ್ಲ ಬದಲಾಗಲು ಆಗದು. ಪ್ರಾಕ್ಸ್‌ಮಾಕ್ಸ್‌ನ ಮೂಲ ಬರಹ ಎಜಿಪಿಎಲ್ ಲೈಸೆನ್ಸಿನಲ್ಲಿ ಎಲ್ಲರಿಗೂ ತೆರೆದಿದೆ. ಚಂದಾ ಕಟ್ಟದವರಿಗೆ ಲಾಗಿನ್ ಆದಾಗೊಮ್ಮೆ ಚಂದಾ ಇಲ್ಲವೆಂದು ನೆನಪಿಸುತ್ತದೆ. ದುಡಿದವರು ಕೇಳುವುದು ನ್ಯಾಯವೇ. ಆಡಳಿತ ಮಂಡಳಿಯ ಮುಂದೆ ಆ ಚಂದಾದ ಪ್ರಸ್ತಾವ ಇಟ್ಟಿದ್ದೇನೆ, ಬಿಡುವುದಿಲ್ಲ.

ಮಕ್ಕಳು ಹಾಸ್ಟೆಲಿನಿಂದಲೂ ಈ ಪುಟ ತೆರೆಯಬೇಕೆನ್ನುತ್ತಾರೆ. ವಿಪಿಎನ್ ಮೂಲಕ ಕೊಟ್ಟಿದ್ದೇವೆ, ಫೋನಿನಲ್ಲಿ ಬರುವ ಆರು ಅಂಕೆಯ ಎರಡನೇ ಬೀಗದೊಂದಿಗೆ. 8006 ಅನ್ನು ನೇರವಾಗಿ ಇಂಟರ್‌ನೆಟ್ಟಿಗೆ ತೆರೆದಿಡುವುದು ಮಾತ್ರ ಸರ್ವಥಾ ಕೂಡದು. ಎಲ್ಲ ಯಂತ್ರಗಳ ಕೀಲಿಯೂ ಒಂದೇ ಬಾಗಿಲಲ್ಲಿ ಇದೆಯಲ್ಲ.

ಈ ವರ್ಷದಿಂದ ಆಂತರಿಕ ಪರೀಕ್ಷೆಯ ರೀತಿಯನ್ನೂ ಬದಲಿಸಿದ್ದೇವೆ. ಪ್ರೋಗ್ರಾಂ ಬಾಯಿಪಾಠ ಮಾಡಿ ಟೈಪ್ ಮಾಡುವುದಿಲ್ಲ. ಪ್ರತಿಯೊಬ್ಬರಿಗೂ ಕೆಟ್ಟ ವಿಎಂ ಒಂದನ್ನು ಕೊಡುತ್ತೇವೆ, ಎರಡು ಗಂಟೆಯಲ್ಲಿ ಎಬ್ಬಿಸಬೇಕು. ಕೆಡಿಸಿ ಕೊಡುವವರು ಸೀನಿಯರ್‌ಗಳು, ಎಫ್‌ಎಸ್‌ಟ್ಯಾಬಿನ ಹುಡುಗಿಯೇ ಅವರ ಮುಂದಾಳು. ಒಂದರಲ್ಲಿ ಲಾಗ್ ಕಡತ ಬೆಳೆಸಿ ಡಿಸ್ಕ್ ತುಂಬಿಸಿದ್ದಾರೆ. ಇನ್ನೊಂದರಲ್ಲಿ ಡಿಎನ್‌ಎಸ್ ವಿಳಾಸ ತಿರುಚಿದ್ದಾರೆ. ಮತ್ತೊಂದರಲ್ಲಿ ಯಂತ್ರವನ್ನು ಎಬ್ಬಿಸುವ ಗ್ರಬ್‌ನ ಸಾಲೊಂದನ್ನು ಕಿತ್ತಿದ್ದಾರೆ. ಪಟ್ಟಿ ತಂದು ಮೇಜಿನ ಮೇಲಿಟ್ಟಾಗ ಕೊನೆಯ ಯಂತ್ರದ ಮುಂದೆ ಏನೂ ಬರೆದಿರಲಿಲ್ಲ. ಇದಕ್ಕೇನು ಮಾಡಿದ್ದೀರಿ ಎಂದು ಕೇಳಿದೆ.

"ಕನ್ಸೋಲ್ ತೆಗೆದು ನೀವೇ ನೋಡಿ ಸರ್," ಅಂದಳು.